ಮೊಂಡಿ ನಿಧಾನಿಸುವ ಜಾಗ

ಮಾರ್ಚ್ ೯, ಭಾನುವಾರ

ಪ್ರೀತಿಯ ಅಕ್ಕಾ,

ಮೊದಲು ನಿನ್ನ ಮೇಲೆ ಒಂದಿಷ್ಟು ಸಿಟ್ಟು ತೀರಿಸಿಕೊಂಡು ಆಮೇಲೆ ಕ್ಷೇಮ ಸಮಾಚಾರ ಕೇಳುತ್ತೇನೆ. ಫೋನ್ ಮಾಡಿದರೆ ನೀನು ನನಗೆ ಬಾಯಿ ತೆರೆಯಲು ಬಿಡುವುದಿಲ್ಲ. ಯೂನಿವರ್ಸಿಟಿಯಲ್ಲಿ ಪಾಠ ಹೇಳಿ ಹೇಳಿ ಎದುರಿಗಿರುವವರೆಲ್ಲ ನಿನಗೆ ವಿದ್ಯಾರ್ಥಿಗಳೇ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ, ಇದರ ನಡುವೆ ಬಾಯಿ ಹಾಕಲು ಆಗುವುದಿಲ್ಲವಲ್ಲ. ಎಡಚಿಯ ಅಕ್ಷರ ಅಂತ ಚಿಕ್ಕಂದಿನಿಂದ ಆಡಿಕೊಂಡಿದ್ದೀಯ, ಹೋದ ಸಲದ ಕಾಗದವನ್ನಂತೂ ಓದಲೇ ಆಗಲಿಲ್ಲ ಅಂದೆ. ಪೆನ್ನು ಸರಿಯಿಲ್ಲ ಕಣೇ, ಏನು ಮಾಡಲಿ.

ಇನ್ನು ನನ್ನ ಮಗಳು ಮೊಂಡಿಯ ವಿಷಯಕ್ಕೆ ಬರುತ್ತೇನೆ. ಅವಳು ಅರ್ಜಿ ಹಾಕಿದ ನಾಲ್ಕು ಯೂನಿವರ್ಸಿಟಿಗಳಲ್ಲಿ ಎರಡು ಆಗಲ್ಲ ಅಂದುಬಿಟ್ಟವು. ನಾಲ್ಕೂ ದೊಡ್ಡ ಹೆಸರಿನವು, ಸಂಗೀತಕ್ಕೆ ಬೆರಳೆಣಿಕೆಯಷ್ಟು ಮಕ್ಕಳನ್ನು ಮಾತ್ರ ತೆಗೆದುಕೊಳ್ಳುವವು. ಮೊದಲು ರೆಕಾರ್ಡಿಂಗ್ ಕೇಳುತ್ತಾರೆ, ಹಿಡಿಸಿದರೆ ಎದುರಿಗೆ ಕರೆಸಿ ಕೇಳುತ್ತಾರೆ. ಆ ಎರಡು ಕಡೆ ಕರೆಸಲೇ ಇಲ್ಲ. ನೀನು ಬರೆದಿದ್ದೆಯಲ್ಲ, ಅಲ್ಲಿಗೆ ಬರುವವರೆಲ್ಲ ಅವರವರ ಊರಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ನುಡಿಸುವವರೇ, ಪ್ರತಿಭೆ ಇದ್ದರೆ ಬಾಗಿಲ ತನಕ ಬರಬಹುದು ಅಷ್ಟೇ ಅಂತ. ಅದನ್ನು ಓದಿ ನಿನ್ನ ಮೇಲೆ ಮುನಿಸಿಕೊಂಡಿದ್ದೆ. ನಮ್ಮ ಮಗುವಿನ ಬಗ್ಗೆ ದೊಡ್ಡಮ್ಮನೇ ಹೀಗೆ ಬರೆಯುವುದಾ ಅಂತ. ಈಗ ನೋಡಿದರೆ ನೀನು ಹೇಳಿದ್ದೇ ಸರಿಯೇನೋ ಅನಿಸುತ್ತಿದೆ, ಅದಕ್ಕೂ ಸಿಟ್ಟು ಬರುತ್ತಿದೆ.

ಒಬ್ಬೊಬ್ಬರು ಒಂದೊಂದು ಹೇಳಿ ನನ್ನ ತಲೆ ಕೆಡಿಸಿದ್ದಾರೆ. ಶಾಲೆಯ ಸಲಹೆಗಾರ್ತಿ, ಮೊಂಡಿ ಬಹುಮಾನ ಗೆದ್ದಿದ್ದರೆ ಮಾತ್ರ ಅವರ ಕಣ್ಣಿಗೆ ಬೀಳುತ್ತಾಳೆ ಅಂತಾರೆ. ಪಿಟೀಲು ಮೇಷ್ಟ್ರು, ಬಹುಮಾನ ತಗೊಂಡು ಏನು ಮಾಡ್ತಾರೆ, ಅವರು ನಾದ ಕೇಳ್ತಾರೆ ಅಂತಾರೆ. ಪಕ್ಕದ ಮನೆಯಾಕೆ, ಹೋದ ವರ್ಷ ಅವರ ಮಗನಿಗೆ ಸೀಟು ಸಿಕ್ಕಿತಲ್ಲ, ಬದುಕಿನಲ್ಲಿ ಪಟ್ಟ ಕಷ್ಟದ ಮೇಲೆ ಒಂದು ಪ್ರಬಂಧ ಬರೆಸಿ ಅಂದರು. ಮೊಂಡಿ ಪೆನ್ಸಿಲ್ ಕಚ್ಚಿಕೊಂಡು ಯೋಚಿಸಿ ಯೋಚಿಸಿ, ಕೊನೆಗೆ ಅಮ್ಮನ ಜೊತೆ ಒಂದೇ ಮನೆಯಲ್ಲಿ ಇರೋದು ಅಂತ ಬರೆಯಲಾ ಅಂತ ಕೇಳಿದಳು. ಇವರು ನಕ್ಕ ನಗುವಿಗೆ ಚಹಾ ನೆತ್ತಿಗೆ ಹತ್ತಿತು. ಅಪ್ಪ ಮಗಳಿಗೆ ಎಲ್ಲವೂ ತಮಾಷೆ. ಯಾರ ಮಾತು ಹಿಡಿಯಲಿ, ಯಾರದು ಬಿಡಲಿ ಅಂತ ಒದ್ದಾಡುವವಳು ನಾನೊಬ್ಬಳೇ.

ಆ ರೆಕಾರ್ಡಿಂಗ್‌ಗೆ ಪಿಟೀಲಿನ ಜೊತೆ ಪಿಯಾನೊ ನುಡಿಸಿದವಳು ನಾನು. ಮೇಷ್ಟ್ರು ತಮ್ಮ ವಿದ್ಯಾರ್ಥಿಗಳ ಜೊತೆ ನುಡಿಸುವ ಒಬ್ಬ ಹುಡುಗಿಯನ್ನು ಗೊತ್ತು ಮಾಡಿದ್ದರು. ಮೊಂಡಿ ಸುತರಾಂ ಒಪ್ಪಲಿಲ್ಲ. ಅಮ್ಮ ಕೂತರೆ ನುಡಿಸ್ತೀನಿ, ಇಲ್ಲಾಂದ್ರೆ ಇಲ್ಲ ಅಂತ ಹೆಸರಿಗೆ ತಕ್ಕ ಹಾಗೆ ಹಟ ಹಿಡಿದಳು. ಸುಳ್ಳೇಕೆ ಹೇಳಲಿ, ನಾನು ಉಬ್ಬಿಹೋದೆ.

ನನ್ನ ಕೆಲಸ ನಿನಗೆ ಗೊತ್ತೇ ಇದೆ. ನೃತ್ಯಶಾಲೆಯಲ್ಲಿ ಪುಟ್ಟ ಮಕ್ಕಳ ಕಾಲು ಯಾವಾಗ ನೆಲಕ್ಕೆ ಬೀಳುತ್ತದೋ ಆಗಲೇ ನನ್ನ ಬೆರಳೂ ಬೀಳಬೇಕು. ಒಬ್ಬಳು ಮುಂದೆ ಓಡುತ್ತಾಳೆ, ಇನ್ನೊಬ್ಬಳು ಕಾಲುಚೀಲ ಎಳೆದುಕೊಳ್ಳುತ್ತಾ ಹಿಂದೆ ಉಳಿಯುತ್ತಾಳೆ. ನಾನು ಕಾಯುತ್ತೇನೆ, ಯಾರಿಗೂ ಗೊತ್ತಾಗದ ಹಾಗೆ ಕಾಯುತ್ತೇನೆ. ಇಷ್ಟು ವರ್ಷ ಅನ್ನ ಹಾಕಿದ್ದು ಆ ವಿದ್ಯೆಯೇ. ಹಾಗಾಗಿ ಮೊಂಡಿಯ ಜೊತೆ ಕೂತಾಗಲೂ ಅದನ್ನೇ ಮಾಡಿದೆ. ಅವಳು ನುಡಿಸಿದ ರಚನೆಯಲ್ಲಿ ನಿಧಾನದ ಭಾಗ ಮುಗಿಯುವ ಮುಂಚೆ ಪಿಟೀಲು ಮೇಲೆ ಮೇಲೆ ಹತ್ತುತ್ತದೆ. ಪಿಯಾನೊದ ಎಡಗೈ ತೀರಾ ಕೆಳಗಿನ ಸ್ವರದಿಂದ ಒಂದೇ ನೆಗೆತಕ್ಕೆ ಮೇಲೆ ಬಂದು ಅದನ್ನು ಕೂಡಿಕೊಳ್ಳಬೇಕು. ಅಲ್ಲಿ ಮೊಂಡಿ ಪ್ರತಿ ಸಲವೂ ಲಯ ಎಳೆದು ನಿಧಾನಿಸುತ್ತಾಳೆ. ನಾನು ಪ್ರತಿ ಸಲವೂ ಅವಳಿಗಾಗಿ ಕಾಯುತ್ತೇನೆ.

ಮೇಷ್ಟ್ರಿಗೆ ಅದು ತಕ್ಷಣ ಗೊತ್ತಾಯಿತು. ಪಾಠದಲ್ಲಿ ಸರಿಯಾಗಿಯೇ ನುಡಿಸುವವಳಿಗೆ ರೆಕಾರ್ಡಿಂಗ್‌ನಲ್ಲಿ ಏನಾಯಿತು ಅಂತ ಕೂಗಾಡಿದರು. ಅವಳು ಕಮಾನಿನ ತುದಿ ನೋಡುತ್ತಾ ನಿಂತಳು. ಮೈಕಿನ ಭಯ ಇರಬೇಕು ಅಂತ ನಾನೇ ಅವಳ ಪರ ಮಾತಾಡಿ ಕರೆದುಕೊಂಡು ಬಂದೆ. ಆದರೆ ಎರಡನೆಯ ಕಡೆಯಿಂದಲೂ ಆಗಲ್ಲ ಅಂತ ಬಂದ ದಿನ ನನಗೆ ತಡೆಯಲಾಗಲಿಲ್ಲ. ಆ ಒಂದು ಜಾಗ ನಿನ್ನ ಬದುಕನ್ನೇ ತಿಂತು ನೋಡು ಅಂತ ಬಾಯಿಗೆ ಬಂದ ಹಾಗೆ ಬಯ್ದೆ. ಎದುರುತ್ತರ ಕೊಡದೆ ಒಂದು ದಿನ ಇರಲಾಗದ ಹುಡುಗಿ, ತುಟಿಪಿಟಕ್ಕೆನ್ನದೆ ಪಿಟೀಲು ಒರೆಸಿ ಪೆಟ್ಟಿಗೆಯಲ್ಲಿಟ್ಟಳು.

ಈಗ ಕೇಳು. ಮೂರನೆಯ ಯೂನಿವರ್ಸಿಟಿಯವರು ಕರೆಸಿದ್ದರು, ಗುರುವಾರ ಹೋಗಿದ್ದೆವು. ಉದ್ದನೆಯ ಓಣಿ, ಗೋಡೆಗೆ ಒತ್ತಿ ಬೆಂಚು, ಬೆಂಚಿನ ತುಂಬ ನನ್ನ ಹಾಗೇ ಕೈ ಹಿಸುಕಿಕೊಳ್ಳುತ್ತಾ ಕೂತ ತಂದೆ ತಾಯಿಗಳು. ಒಬ್ಬ ತಂದೆಯಂತೂ ಮಗಳಿಗಾಗಿ ಕಿತ್ತಳೆ ಸುಲಿದು ತಾನೇ ಪೂರ್ತಿ ತಿಂದುಬಿಟ್ಟ. ಪಿಯಾನೊ ನುಡಿಸಲು ಅವರದೇ ಮನುಷ್ಯ, ಮೊಂಡಿ ಅವನ ಮುಖ ನೋಡಿದ್ದೇ ಅವತ್ತು. ಬಾಗಿಲು ತೆಳ್ಳಗಿತ್ತು, ಎಲ್ಲವೂ ಕೇಳಿಸುತ್ತಿತ್ತು. ನನ್ನ ಎಡಗೈ ಮಂಡಿಯ ಮೇಲೆ ತಾನಾಗಿಯೇ ನುಡಿಸತೊಡಗಿತು. ಆ ಜಾಗ ಬಂದಾಗ ಎಂದಿನ ಹಾಗೆ ಕಾದೆ. ಅವಳು ಎಳೆಯಲಿಲ್ಲ ಅಕ್ಕಾ. ನೆಟ್ಟಗೆ ಮೇಲೆ ಹೋದಳು, ಆ ಪಿಯಾನೊ ಸರಿಯಾಗಿ ಬಂದು ಅವಳನ್ನು ಕೂಡಿಕೊಂಡಿತು. ನನ್ನ ಕೈ ಮಾತ್ರ ಮಂಡಿಯ ಮೇಲೆ ಹಿಂದೆ ಉಳಿದಿತ್ತು.

ಸಂತೋಷಕ್ಕೆ ಕಣ್ಣು ತುಂಬಿ ಬಂತು. ಮೆಟ್ಟಿಲು ಇಳಿಯುವಷ್ಟರಲ್ಲಿ ಆ ಸಂತೋಷಕ್ಕೆ ಏನೋ ಆಯಿತು. ಯಾರೋ ಅಪರಿಚಿತನ ಜೊತೆ ಬರುವುದು ನನ್ನ ಜೊತೆ ಯಾಕೆ ಬರುವುದಿಲ್ಲ? ನಾನು ಕೂತರೆ ಅವಳಿಗೆ ಭಯವಾ? ಅಥವಾ ಎಲ್ಲದಕ್ಕೂ ಕಾದು ಕಾದು ನಾನೇ ಅವಳಿಗೆ ಎಳೆಯುವುದನ್ನು ಕಲಿಸಿದೆನಾ? ಭಯವಿದ್ದರೆ ಅಮ್ಮನೇ ಬೇಕು ಅಂತ ಹಟ ಯಾಕೆ ಹಿಡಿದಳು? ಒಂದಕ್ಕೊಂದು ತಾಳೆಯಾಗುತ್ತಿಲ್ಲ.

ರೈಲಿನಲ್ಲಿ ನೇರವಾಗಿ ಕೇಳಿದೆ. ಆ ಕೋಣೆಯಲ್ಲಿ ನಾದ ಚೆನ್ನಾಗಿತ್ತು ಅಂತ ಹಾರಿಸಿದಳು. ಆಮೇಲೆ ನನಗೆ ಚಳಿಯಾಗುತ್ತಿದೆಯಾ ಅಂತ ಕೇಳಿ, ನನ್ನ ಎಡಗೈ ಎಳೆದು ತನ್ನ ಕೋಟಿನ ಜೇಬಿನಲ್ಲಿಟ್ಟುಕೊಂಡು ಹಾಗೇ ನಿದ್ದೆ ಹೋದಳು. ಈಚೆಗೆ ಹೀಗೇ ಮಾಡುತ್ತಾಳೆ, ನಾನೇ ಚಿಕ್ಕ ಮಗು ಅನ್ನುವ ಹಾಗೆ.

ಅಲ್ಲಿಯ ಫಲಿತಾಂಶ ಬರಲು ಇನ್ನೂ ದಿನಗಳಿವೆ. ನಾಲ್ಕನೆಯ ಕಡೆಗೆ ಮಾತ್ರ ಶುಕ್ರವಾರದೊಳಗೆ ರೆಕಾರ್ಡಿಂಗ್ ಹೋಗಬೇಕು. ಮೊಂಡಿ ನಮ್ಮಿಬ್ಬರದನ್ನೇ ಕಳಿಸುತ್ತಾಳಂತೆ. ಮೇಷ್ಟ್ರ ಕಡೆಯ ಹುಡುಗಿಗೆ ಮಂಗಳವಾರ ಬಿಡುವಿದೆ. ಅವಳನ್ನು ಕರೆಸೋಣ ಅಂದರೆ ಮೊಂಡಿಗೆ ನೋವಾಗುತ್ತದೋ ಏನೋ. ಸುಮ್ಮನಿದ್ದರೆ ಈ ಸೀಟೂ ಕೈತಪ್ಪುತ್ತದೆ. ನೀನು ಆಯ್ಕೆ ಸಮಿತಿಯಲ್ಲಿ ಕೂತವಳು, ಹೇಳು. ಅಂಥ ರೆಕಾರ್ಡಿಂಗ್ ಕೇಳುವಾಗ ನಿಮಗೆ ಕೇಳಿಸುವುದು ಮಗುವಾ, ಆ ಒಂದು ತಪ್ಪಾ? ಕಾಗದ ಸಿಕ್ಕ ಕೂಡಲೇ ಫೋನ್ ಮಾಡು. ನೀನೇ ಮಾತಾಡು, ನಾನು ಅಡ್ಡ ಬಾಯಿ ಹಾಕುವುದಿಲ್ಲ.

ದಿಕ್ಕು ತೋಚದ
ನಿನ್ನ ತಂಗಿ

ತಾ.ಕ.: ಸೋಮವಾರ ಸಂಜೆ. ಬೆಳಿಗ್ಗೆ ಕಾಗದ ಅಂಚೆಗೆ ಹಾಕಲು ಹೊರಟವಳು ಮತ್ತೆ ಪಿಯಾನೊ ಮುಂದೆ ಕೂತೆ. ಮೊಂಡಿ ಶಾಲೆಗೆ ಹೋಗಿದ್ದಳು. ತಾಳ ಹಿಡಿಯುವ ಅವಳ ಮೆಟ್ರೊನೋಮ್ ಟಿಕ್ ಟಿಕ್ ಅನ್ನಲು ಬಿಟ್ಟು ನನ್ನ ಭಾಗವನ್ನಷ್ಟೇ ನುಡಿಸಿದೆ. ಆ ಜಾಗದಲ್ಲಿ ಟಿಕ್ ಮುಂದೆ ಹೋಗುತ್ತದೆ, ನನ್ನ ಎಡಗೈ ಆಮೇಲೆ ಬರುತ್ತದೆ. ಮತ್ತೆ ಮತ್ತೆ ನುಡಿಸಿದೆ, ಮತ್ತೆ ಮತ್ತೆ ಹಾಗೇ. ಚಳಿಗಾಲದಿಂದ ಹೆಬ್ಬೆರಳ ಬುಡ ನೋಯುತ್ತಿದೆ, ಅಂಗೈ ಪೂರ್ತಿ ಅಗಲುವುದಿಲ್ಲ. ನೃತ್ಯಶಾಲೆಯಲ್ಲಿ ಯಾರಿಗೂ ಗೊತ್ತಾಗಿರಲಿಲ್ಲ. ನಿನಗೆ ಹೇಳಿರಲಿಲ್ಲ. ಮೊಂಡಿಗೂ ಹೇಳಿರಲಿಲ್ಲ, ಹೇಳುವ ಅಗತ್ಯ ಇರಲಿಲ್ಲ ಅಂತ ಈಗ ಗೊತ್ತಾಯಿತು. ನಾನು ಅವಳಿಗಾಗಿ ಕಾಯುತ್ತಿದ್ದೇನೆ ಅಂದುಕೊಂಡಿದ್ದೆ. ಎರಡು ಕಡೆ ಸೀಟು ಕಳೆದುಕೊಂಡು, ಅದಕ್ಕೆ ನನ್ನಿಂದಲೇ ಬೈಸಿಕೊಂಡು, ಒಂದು ಮಾತು ಆಡಲಿಲ್ಲ ಅಕ್ಕಾ ನನ್ನ ಮಗಳು.

ಸಂಜೆ ಬಂದವಳಿಗೆ ನಾಳೆ ಆ ಹುಡುಗಿ ಬರುತ್ತಾಳೆ, ಅವಳ ಜೊತೆ ನುಡಿಸು ಅಂದೆ. ಮನೆ ತಲೆಯ ಮೇಲೆ ಹೊತ್ತುಕೊಳ್ಳುತ್ತಾಳೆ ಅಂತ ಕಾದರೆ, ಯಾವಾಗ ಗೊತ್ತಾಯ್ತು ಅಂತಷ್ಟೇ ಕೇಳಿದಳು. ಇವತ್ತು ಅಂದೆ. ನಿನಗೆ ಯಾವಾಗ ಅಂತ ಕೇಳುವಷ್ಟರಲ್ಲಿ ನನ್ನ ಕೈಗೆ ಬಿಸಿನೀರು ಕಾಯಿಸಲು ಅಡುಗೆಮನೆಗೆ ಹೋಗಿಬಿಟ್ಟಿದ್ದಳು. ಅಲ್ಲಿಂದಲೇ ಷರತ್ತು ಕೂಗಿ ಹೇಳಿದಳು, ಹಾಳೆ ತಿರುಗಿಸಲು ಮಾತ್ರ ಪಕ್ಕದಲ್ಲಿ ನಾನೇ ಕೂರಬೇಕಂತೆ. ಅಷ್ಟು ನನ್ನ ಕೈಯಲ್ಲಿ ಆಗುತ್ತದೆ.

ಪೆನ್ನು ಚೆನ್ನಾಗಿಯೇ ಇದೆ.