ದುಂಡಗೆ ಹಾಕಿದ ಕುರ್ಚಿಗಳು

ತಂಗೀ,

ಇದನ್ನು ನಿನಗೆ ಕಳಿಸುವುದಿಲ್ಲ. ಮೊದಲು ಕಾಗದ ಬರೆದವಳು ಅಕ್ಕನೇ ಎಂದು ನೀನು ಬೀಗುವುದು ಬೇಡ.

ಇವತ್ತು ನಮ್ಮ ಮನೆಗೆಲಸದವರ ಸಂಘದ ಅಧ್ಯಕ್ಷಗಿರಿ ಬಿಟ್ಟುಕೊಟ್ಟೆ. ಹೊಸ ಅಧ್ಯಕ್ಷೆ ಬೇರೆ ಯಾರೂ ಅಲ್ಲ, ಸಭೆಯಲ್ಲಿ ಎದ್ದು ನಿಂತು ಮಾತಾಡುವುದನ್ನು ನೀನು ಕಲಿಸಿದ್ದೆಯಲ್ಲ, ಆ ಇಸ್ತ್ರಿಯವಳ ಮಗಳು. ನಾನು ಹೋಗುವಷ್ಟರಲ್ಲಿ ಕುರ್ಚಿಗಳನ್ನೆಲ್ಲ ದುಂಡಗೆ ಹಾಕಿಸಿದ್ದಳು, ನೀನು ಹಟ ಹಿಡಿದಿದ್ದ ಹಾಗೆಯೇ. ವೇದಿಕೆ ಇಲ್ಲ, ಮೇಜು ಇಲ್ಲ. ಎಲ್ಲಿ ಕೂರಬೇಕೆಂದು ತಿಳಿಯದೆ ಬಾಗಿಲಲ್ಲೇ ನಿಂತೆ.

"ಇದರಲ್ಲಿ ಮುಂದಿನ ಸಾಲು ಯಾವುದಮ್ಮ?" ಎಂದು ಅವಳನ್ನೇ ಕೇಳಿದೆ.

"ನೀವು ಎಲ್ಲಿ ಕೂತ್ರೂ ಅದೇ ಮುಂದಿನ ಸಾಲು, ದೊಡ್ಡಮ್ಮ."

ಎಲ್ಲರೂ ನಕ್ಕರು. ನೀನು ಇದೇ ಮಾತು ಆಡಿದ ದಿನ ನನ್ನೆದುರು ನಗುವ ಧೈರ್ಯ ಯಾರಿಗೂ ಇರಲಿಲ್ಲ. ನಾನು ಎಲ್ಲರೆದುರು ನಿನ್ನ ಮೇಲೆ ರೇಗಿದೆ. ಮಾರನೆಯ ದಿನದಿಂದ ನೀನು ಸಂಘಕ್ಕೂ ಬರಲಿಲ್ಲ, ಮನೆಗೂ ಬರಲಿಲ್ಲ.

ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತೆ. ಪಕ್ಕದ ಕುರ್ಚಿಯ ಮೇಲೆ ಕೈಚೀಲ ಇಟ್ಟೆ. ಒಬ್ಬೊಬ್ಬರಾಗಿ ಸರದಿಯಲ್ಲಿ ಮಾತಾಡಿದರು. ನನ್ನ ಸರದಿ ಬರುವವರೆಗೆ ಬಾಯಿ ಮುಚ್ಚಿಕೊಂಡು ಕೇಳಿದೆ. ಯಾರಾದರೂ ಹೇಳಿದರೂ ನೀನು ನಂಬುವುದಿಲ್ಲ. ಹುಡುಗಿ ಸಭೆ ಚೆನ್ನಾಗಿ ನಡೆಸಿದಳು. ಅದನ್ನು ಅವಳಿಗೆ ಹೇಳಿದೆ ಕೂಡ.

ತಡವಾಗಿ ಬಂದ ಅಡುಗೆಯವಳೊಬ್ಬಳು ನನ್ನ ಚೀಲ ತೋರಿಸಿ, "ದೊಡ್ಡಮ್ಮ, ಇಲ್ಲಿ ಯಾರಾದ್ರೂ ಇದಾರಾ?" ಎಂದಳು.

"ಇದಾರೆ" ಎಂದೆ.

ಅವಳು ಮೂಲೆಯಿಂದ ಬೇರೆ ಕುರ್ಚಿ ಎಳೆದುಕೊಂಡಳು. ಸಭೆ ಮುಗಿಯುವವರೆಗೂ ನಾನು ಆ ಚೀಲ ತೆಗೆಯಲಿಲ್ಲ.

ಅಕ್ಕ