ಮರದ ಮದುವಣಗಿತ್ತಿ

ಡಮಾಟ್ರಿಯೊಸ್ ತಿಂಗಳು, ನಾಲ್ಕು

ಇವತ್ತೂ ಆಲಿವ್ ಕಾಯಿ ಜಜ್ಜಿ ಉಪ್ಪುನೀರಿಗೆ ಹಾಕಿದ್ದಾಯಿತು. ಇವತ್ತೂ ಅಮ್ಮ ಹೇರಾ ದೇವಿಯ ಕಥೆ ತೆಗೆದಳು. ನಾನು ಗಂಡನ ಮನೆ ಬಿಟ್ಟು ಬಂದಾಗಿನಿಂದ ಇದೇ ಗೋಳು. ಗಂಡ ಜೀಯಸ್ ಮೇಲೆ ಮುನಿದು ಹೇರಾ ದೂರದ ದ್ವೀಪಕ್ಕೆ ಹೋಗಿ ಕೂತಳಂತೆ. ಅವನು ಓಕ್ ಮರದ ತುಂಡಿಗೆ ಉದ್ದನೆಯ ಬಟ್ಟೆ ಸುತ್ತಿ, ಮುಸುಕು ಹಾಕಿ, ಗಾಡಿಯಲ್ಲಿ ಕೂರಿಸಿ, ಹೊಸ ಹೆಂಡತಿ ಎಂದು ಸುದ್ದಿ ಹಬ್ಬಿಸಿದನಂತೆ. ಇವಳು ಓಡಿಬಂದು ಮುಸುಕು ಕಿತ್ತಳು. ನೋಡಿದರೆ ಮರ. ನಕ್ಕಳು. ಗಂಡನ ಹಿಂದೆ ಹೋದಳು. ನಮ್ಮ ಪ್ಲಾಟಿಯ ಊರಿನಲ್ಲಿ ಇದನ್ನೇ ಹಬ್ಬ ಮಾಡುತ್ತಾರೆ. ಜಗಳವಾಡಿದ ಹೆಂಗಸರಿಗೆಲ್ಲ ಇದೇ ಔಷಧಿ.

"ದೇವರ ಹೆಂಡ್ತೀನೇ ವಾಪಸ್ ಹೋದ್ಲು. ನೀನೇನು ಅವಳಿಗಿಂತ ದೊಡ್ಡೋಳೇನೇ?"

ಜೀಯಸ್ ಎಷ್ಟು ಹೆಣ್ಣುಗಳ ಹಿಂದೆ ಬಿದ್ದ ಎಂದು ಮಾತ್ರ ಯಾರೂ ಲೆಕ್ಕ ಇಡುವುದಿಲ್ಲ. ನನ್ನ ಗಂಡ ಖರೋಂದಸ್‌ನದೂ ಅದೇ ಚಾಳಿ. ಕೇಳಿದರೆ — ಗಂಡಸು, ಹಾಗೇ.

ಏಳು

ಬಾವಿಯ ಹತ್ತಿರ ಫಿಲಿನ್ನ ಸಿಕ್ಕಿದ್ದಳು, ದಾದಿಯ ಕೈ ಹಿಡಿದುಕೊಂಡು. ಆರು ವರ್ಷದ ಮಗಳು, ತಾಯಿಯನ್ನು ನೋಡಿ ದಾದಿಯ ಮುಖ ನೋಡುತ್ತಾಳೆ. ಮಾತಾಡಬಹುದಾ ಅಂತ. ಮಗು ಗಂಡನ ಮನೆಯದು, ಇಲ್ಲಿಯ ಕಟ್ಟಳೆ. ಅವಳು ಬೇಕಾದರೆ ನಾನೇ ಹೋಗಬೇಕು. ಕರೆಯದೆ ಹೇಗೆ ಹೋಗಲಿ? ಅವನು ಒಂದು ಮಾತು ಕರೆಯಲಿ... ಸಾಕು.

ಹದಿಮೂರು

ಖರೋಂದಸ್ ಥೆಸ್ಪಿಯ ಊರಿನ ಹೆಣ್ಣು ತರುತ್ತಾನಂತೆ. ನಾಡಿದ್ದು ಸಂಜೆ ದಿಬ್ಬಣ. ಆಲಿವ್ ಜಜ್ಜುವ ಕಲ್ಲು ಕೆಳಗಿಟ್ಟೆ. ಅಮ್ಮ ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಅಯ್ಯೋ ಪೆದ್ದಿ, ಮರದ ತುಂಡು ಕಣೇ! ನಿನ್ನ ಕರೆಸ್ಕೊಳ್ಳೋಕೆ ಆಟ ಕಟ್ಟಿದಾನೆ."

ಅಣ್ಣ ಪೂಥೊನ್‌ಗೂ ಅನುಮಾನವಿಲ್ಲ. ಬಡಗಿಯ ಅಂಗಳದಲ್ಲಿ ಖರೋಂದಸ್ ಓಕ್ ಮರ ಆರಿಸುತ್ತಿದ್ದುದನ್ನು ಕಣ್ಣಾರೆ ಕಂಡನಂತೆ. ಬೀದಿಯವರಿಗೆಲ್ಲ ಸುದ್ದಿ ಮುಟ್ಟಿದೆ, ಎಲ್ಲರೂ ಹಲ್ಲು ಕಿರಿಯುತ್ತಾರೆ. ಹೋಗುವುದಿಲ್ಲ ಎಂದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಹದಿನಾಲ್ಕು

ಇಷ್ಟು ನಾಟಕ ಬೇಕಿತ್ತಾ? ಬಾ ಎಂದರೆ ಬಾಯಿ ಸವೆಯುತ್ತಿತ್ತಾ? ಆದರೂ — ನಾನು ಬೇಕು ಎಂದು ತಾನೇ ಇಷ್ಟೆಲ್ಲ. ಗಂಟು ಕಟ್ಟಿದೆ. ಕೇಸರಿ ಬಣ್ಣದ ಮೇಲುಹೊದಿಕೆ ಬಿಸಿಲಿಗೆ ಹಾಕಿದೆ. ಫಿಲಿನ್ನಳಿಗೆ ಎಳ್ಳು-ಜೇನಿನ ಉಂಡೆ. ಖುಷಿಯಾಗಿದೆ. ಒಪ್ಪಿಕೊಳ್ಳುವುದಕ್ಕೇ ಸಿಟ್ಟು ಬರುತ್ತಿದೆ.

ಹದಿನಾರು

ನಿನ್ನೆ ಬರೆಯಲಾಗಲಿಲ್ಲ.

ನಾನು ಕಾಯುತ್ತಿದ್ದ ತಿರುವಿಗೆ ದಿಬ್ಬಣದ ಗಾಡಿ ಬಂತು. ಪಂಜು, ಕೊಳಲು. ಹೇರಾ ಬಂದಳು, ದಾರಿ ಬಿಡಿ ಎಂದು ಜನ ನನ್ನನ್ನು ಮುಂದಕ್ಕೆ ತಳ್ಳಿದರು. ಖರೋಂದಸ್ ಎದ್ದು ನಿಂತು ಏನೋ ಕೂಗಿದ. ಚಪ್ಪಾಳೆಯಲ್ಲಿ ಕೇಳಿಸಲಿಲ್ಲ. ನಾನು ಆಗಲೇ ನಗುತ್ತಿದ್ದೆ. ನಗುತ್ತಲೇ ಮುಸುಕು ಎಳೆದೆ.

ಹುಡುಗಿ. ಹದಿನೈದು ಇರಬಹುದು. ಕಾಡಿಗೆ ಕೆನ್ನೆಗಿಳಿದಿತ್ತು. ಹೊಡೆಯುತ್ತೇನೆಂದುಕೊಂಡು ಮುಖಕ್ಕೆ ಕೈ ಅಡ್ಡ ಹಿಡಿದಳು.

ಓಕ್ ಮರ ಮಂಚಕ್ಕಂತೆ. ಒಬ್ಬರಾದರೂ ಕೇಳಬಾರದಿತ್ತೇ? ನಾನಾದರೂ?

ಅವಳ ಪಕ್ಕದಲ್ಲಿ ಫಿಲಿನ್ನ ಕೂತಿದ್ದಳು, ಹೂ ಮುಡಿದು. ಹುಡುಗಿ ಅವಳ ಕೈ ಬಿಗಿಯಾಗಿ ಹಿಡಿದಿದ್ದಳು. ಬಾ ಮಗಳೇ ಎಂದೆ. ಅವಳು ಅಪ್ಪನ ಕಡೆ ನೋಡಿದಳು.

"ಅಮ್ಮಾ, ಮುಸುಕು ಬಿಡು. ಹೊಸಮ್ಮ ಅಳ್ತಿದಾಳೆ."

ನಾನೇ ಮುಸುಕು ಹೊದಿಸಿದೆ. ಸರಿಯಾಗಿ ಕೂರಲಿಲ್ಲ. ಫಿಲಿನ್ನ ಎದ್ದು ನಿಂತು ಅದರ ತುದಿಯನ್ನು ಸರಿಮಾಡಿ, ಮತ್ತೆ ಹುಡುಗಿಗೊರಗಿ ಕೂತಳು. ಆಮೇಲೆ ಗಾಡಿ ಹೊರಟಿತು. ನಾನು ಎಳ್ಳುಂಡೆಯ ಗಂಟು ಹಿಡಿದುಕೊಂಡು ಅಮ್ಮನ ಮನೆಗೆ ನಡೆದೆ.