ಸರಪಳಿ ಒಗೆದವನು

ದುಂಡಸಿ
12 ಆಗಸ್ಟ್ 2024

ಗೆಳೆಯ ಇಸ್ಮಾಯಿಲ,

ಸಲಾಂ. ಸವಣೂರಿನಲ್ಲಿ ನೀನೂ ಮರಿಯಮಬಿಯೂ ಆರಾಮ ಇದ್ದೀರೆಂದು ನಂಬಿದ್ದೇನೆ. ನಿನ್ನ ಪತ್ರಕ್ಕೆ ಉತ್ತರ ತಡವಾಯಿತು. ಪೆನ್ನು ಹಿಡಿದಾಗಲೆಲ್ಲ ಸಬ್‌ಸ್ಟೇಷನ್ನಿಗೆ ಫೋನು ಬರುತ್ತಿತ್ತು ಎನ್ನುವುದು ಅರ್ಧ ಸತ್ಯ.

ಇಲ್ಲಿ ಗೋವಿನಜೋಳ ಎದೆಮಟ್ಟ ಬಂದಿದೆ. ನಾನು ಸಬ್‌ಸ್ಟೇಷನ್ನಿನ ಅದೇ ಕುರ್ಚಿಯಲ್ಲಿ ಕೂತು ಲೈನಿನ ಕರೆಂಟು ತೆಗೆಯುತ್ತೇನೆ, ಕೊಡುತ್ತೇನೆ. ನೀನು ಹತ್ತುತ್ತಿದ್ದ ಕಂಬಗಳನ್ನು ಈಗ ನಿನ್ನ ಮಗ ಶಾಹಬಾಜ ಹತ್ತುತ್ತಾನೆ. ತಂತಿ ಮುಟ್ಟುವ ಮೊದಲು, ಭೂಮಿಗೆ ಕಟ್ಟಿದ ಸರಪಳಿಯನ್ನು ಅದರ ಮೇಲೆ ಒಗೆದು ಕರೆಂಟು ಇದೆಯೇ ಎಂದು ನೋಡುವ ನಿನ್ನ ರೂಢಿಯೂ ಅವನಿಗೆ ಬಂದಿತ್ತು. "ಅಪ್ಪನ ಸರಪಳಿ ತಂದೀಯೇನಪಾ, ಎಮ್ಮಿ ಕಟ್ಟಾಕ?" ಎಂದು ಜೊತೆಯ ಲೈನ್‌ಮನ್ ಮುಜಾಫರ ನಗುತ್ತಿದ್ದ.

ಶಾಹಬಾಜ ನಿನಗೆ ಹೇಳಿರಲಿಕ್ಕಿಲ್ಲ. ಹೋದ ತಿಂಗಳು ಹಿರೇಬೆಂಡಿಗೇರಿ ಹತ್ತಿರ, ಎರಡು ಲೈನು ಅಕ್ಕಪಕ್ಕ ಹೋಗುವಲ್ಲಿ, ತಪ್ಪು ಕಂಬ ಹತ್ತಿದ. ನಾನು ತೆಗೆದದ್ದು ಪಕ್ಕದ ಲೈನು. ಸರಪಳಿ ಬಿದ್ದದ್ದೇ ಢಂ ಎಂದಿತು. ಇಲ್ಲಿ ನನ್ನ ಮುಂದೆ ಬ್ರೇಕರ್ ಬಿದ್ದು ಕರೆಂಟು ಹೋಯಿತು. ಹುಡುಗ ಉಳಿದ.

ಆ ವಾರವೇ ಸಾಹೇಬರು ಶಿಗ್ಗಾವಿಯಿಂದ ಬಂದು ಸುರಕ್ಷತೆಯ ಸಭೆ ಮಾಡಿದರು. "ತಪ್ಪು ಆದ್ರ ಮುಚ್ಚಿಡಬ್ಯಾಡ್ರಿ. ಹೇಳಿದವ್ರಿಗೆ ಯಾರೂ ಏನೂ ಅನ್ನೂದಿಲ್ಲ."

ಶಾಹಬಾಜ ಎದ್ದು ನಿಂತ. "ಸರ, ನಾ ತಪ್ಪು ಕಂಬಾ ಹತ್ತಿದ್ದೆರಿ. ಅಲ್ಲಿ ಕಂಬದ ನಂಬರ್ ಅಳಿಸಿ ಹೋಗ್ಯಾವ್ರಿ. ನಾಳೆ ಇನ್ನೊಬ್ಬಾಂವ ಹತ್ತತಾನ."

ಎಲ್ಲರೂ ಚಪ್ಪಾಳೆ ತಟ್ಟಿದರು, ಮುಜಾಫರನೂ. ಮರುದಿನ ಶಾಹಬಾಜನಿಗೆ ನೋಟಿಸು ಬಂತು: ನಿಷ್ಕಾಳಜಿ. ಕಂಬಗಳ ಮೇಲೆ ಹೊಸ ನಂಬರ್ ಬರಲಿಲ್ಲ.

ಅಂದಿನಿಂದ ಇಲ್ಲಿ ಯಾರೂ ಏನನ್ನೂ ಹೇಳುವುದಿಲ್ಲ. ತಪ್ಪುಗಳೇ ನಿಂತವೆಂದು ಸಾಹೇಬರಿಗೆ ಸಮಾಧಾನ. ನನಗೆ ಫೋನು ಬಂದರೆ ಎದೆ ಹಾರುತ್ತದೆ, ಬರದಿದ್ದರೆ ಇನ್ನೂ ಹೆಚ್ಚು. ಯಾವ ಕಂಬ, ಎಲ್ಲಿ ನಿಂತೀ, ಎಡಕ್ಕೆ ಏನಿದೆ ಎಂದು ಕೇಳುತ್ತಲೇ ಇರುತ್ತೇನೆ. "ಕನಕಪ್ಪಣ್ಣಾರ, ಹೆಣ್ಣ ನೋಡಾಕ ಬಂದವ್ರಂಗ ಕೇಳಬ್ಯಾಡ್ರಿ, ಲೈನ್ ತೆಗೀರಿ" ಎನ್ನುತ್ತಾರೆ ಲೈನ್‌ಮನ್ ಹುಡುಗರು.

ಮರಿಯಮಬಿಗೆ ನನ್ನ ನಮಸ್ಕಾರ ಹೇಳು. ನಿಮ್ಮ ಮನೆಯ ಮೇಲೆ ದೇವರ ಕಣ್ಣಿರಲಿ.

ನಿನ್ನ
ಕನಕಪ್ಪ

ತಾ.ಕ.: ನಿನ್ನೆ ಶಾಹಬಾಜ ಚಹಾದ ಲೋಟವನ್ನು ಎಡಗೈಯಲ್ಲಿ ತೆಗೆದುಕೊಂಡ. ಬಲಗೈ ಕಿಸೆಯಲ್ಲಿತ್ತು. ಹೊರಗೆ ತೆಗೆಸಿದೆ. ಅಂಗೈ ಸುಟ್ಟಿತ್ತು. "ಏನಿಲ್ರಿ ಕಾಕಾ, ಬೈಕಿನ ಸೈಲೆನ್ಸರ್ ತಾಗೇತಿ" ಎಂದ. ಅವನು ಬಿಟ್ಟುಹೋದ ಸರಪಳಿ ನನ್ನ ಕೋಣೆಯ ಗೂಟಕ್ಕೆ ತೂಗುತ್ತಿದೆ, ನೋಟಿಸು ಬಂದ ದಿನದಿಂದ. ಒಗೆದರೆ ಢಂ ಅನ್ನುತ್ತದೆ, ತಪ್ಪು ಎಲ್ಲರಿಗೂ ಕೇಳುತ್ತದೆ. ಶುಕ್ರವಾರ ಮನೆಗೆ ಬಂದಾಗ ನೀನಾದರೂ ಕೇಳು. ಬೈಯಬೇಡ.